ಲ್ಯಾಟಿನ್ ಎಂಬ ಮಾತು

ಏಳನೆಯ ತರಗತಿಯಲ್ಲಿ ಭೂಪಟ ತೂಗುಹಾಕಿ ದಕ್ಷಿಣ ಅಮೆರಿಕದ ಪಾಠ ಮಾಡುತ್ತಿದ್ದೆ. ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಲ್ಯಾಟಿನ್ ಅಮೆರಿಕ ಅಂತ ಇದೆಯಲ್ಲ, ಹಾಗಾದರೆ ಲ್ಯಾಟಿನ್ ದೇಶ ಎಲ್ಲಿದೆ?" ಎಂದಳು. "ಅದು ದೇಶವಲ್ಲ, ಭಾಷೆ" ಎಂದು ಗದರಿದ ಹಾಗೆ ಹೇಳಿ ಕೂರಿಸಿಬಿಟ್ಟೆ. ಪಾಠ ಮುಗಿಸುವ ಅವಸರ ನನಗೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಹುಡುಗಿಯೇ ಸರಿ. ಲ್ಯಾಟಿಯಂ ಎಂಬ ಸೀಮೆ ನಿಜಕ್ಕೂ ಇತ್ತು. ರೋಮ್ ಹುಟ್ಟಿದ್ದೇ ಆ ಬಯಲಿನಲ್ಲಿ. ಅಲ್ಲಿನವರು ಲ್ಯಾಟಿನರು, ಅವರ ಮಾತು ಲ್ಯಾಟಿನ್.

ಕ್ರಿ.ಪೂ. 338ರಲ್ಲಿ ರೋಮ್ ತನ್ನ ನೆರೆಯ ಈ ಲ್ಯಾಟಿನರನ್ನು ಸೋಲಿಸಿ ಅವರ ಕೂಟವನ್ನು ಮುರಿಯಿತು. ವಿಚಿತ್ರವೆಂದರೆ, ಹೆಸರನ್ನು ಮಾತ್ರ ತಾನು ಇಟ್ಟುಕೊಂಡಿತು. ದೂರದೂರದಲ್ಲಿ ಕಟ್ಟಿದ ವಸಾಹತುಗಳಿಗೂ 'ಲ್ಯಾಟಿನ್' ಎಂದಿತು. ಪೂರ್ಣ ಪೌರನಲ್ಲ, ಪೂರ್ಣ ಪರಕೀಯನೂ ಅಲ್ಲ ಎಂಬ ನಡುವಿನ ಮೆಟ್ಟಿಲಿಗೆ ಅದು ಹೆಸರಾಯಿತು. ಚಕ್ರವರ್ತಿ ವೆಸ್ಪಾಸಿಯನ್ ಸ್ಪೇನಿಗೆಲ್ಲ ಈ ಹಕ್ಕು ಕೊಟ್ಟ. 1981ರಲ್ಲಿ ಸೆವಿಲ್ ಸೀಮೆಯಲ್ಲಿ ನೆಲದಿಂದ ಸಿಕ್ಕಿದ ಕಂಚಿನ ಹಲಗೆಗಳಲ್ಲಿ ಅಂಥದೊಂದು ಊರಿನ ಕಾನೂನೇ ಕೊರೆದಿದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಇದಲ್ಲ, ಜೂನಿಯನ್ ಲ್ಯಾಟಿನರು. ಒಡೆಯ ವಿಧಿಬದ್ಧವಾಗಿ ಅಲ್ಲದೆ ಸ್ನೇಹಿತರ ಮುಂದೆಯೋ ಕಾಗದದಲ್ಲೋ ಬಿಡುಗಡೆ ಮಾಡಿದ ಗುಲಾಮರಿಗೆ ಕಾನೂನು ಈ ಹೆಸರು ಕೊಟ್ಟಿತು. ದುಡಿಯಬಹುದು, ಗಳಿಸಬಹುದು, ಉಯಿಲು ಬರೆಯುವಂತಿಲ್ಲ. ಕಣ್ಣು ಮುಚ್ಚಿದೊಡನೆ ಗಳಿಕೆಯೆಲ್ಲ ಹಳೆಯ ಒಡೆಯನಿಗೆ. ಹೆಂಡತಿ ಮಕ್ಕಳು ಬಾಯಿಬಾಯಿ ಬಿಡಬೇಕು. ಬದುಕಿದ್ದಷ್ಟು ದಿನ ಸ್ವತಂತ್ರ, ಸಾಯುವಾಗ ಮತ್ತೆ ಗುಲಾಮ!

ಕಿರಿಯ ಪ್ಲಿನಿಗೆ ಸ್ನೇಹಿತನೊಬ್ಬ ಇಂಥವರ ಮೇಲಿನ ಹಕ್ಕನ್ನು ಉಯಿಲಿನಲ್ಲಿ ಬಿಟ್ಟುಹೋಗಿದ್ದ. ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು ಮೂವರಿಗೆ ಪೌರತ್ವ ಬೇಡಿದ. ಎಲ್ಲರಿಗೂ ಒಮ್ಮೆಗೇ ಕೇಳಿದರೆ ಅತಿಯಾದೀತೆಂದು ಅವನ ಸಂಕೋಚ. ಟ್ರಾಜನ್ ಒಪ್ಪಿದ. ಆಸ್ಟ್ರೇಯಸ್, ಡಯೋನಿಸಿಯಸ್, ಆಪರ್ ಎಂಬ ಮೂರು ಹೆಸರುಗಳು ಆ ಪತ್ರದಲ್ಲಿ ಉಳಿದಿವೆ. ಮೊದಲೆರಡು ಗ್ರೀಕ್ ಹೆಸರುಗಳು, ಆದರೂ ಕಾನೂನಿಗೆ ಅವರು ಲ್ಯಾಟಿನರು. ಪಟ್ಟಿಗೆ ಸೇರದೆ ಉಳಿದವರನ್ನೇ ನಾನು ಆ ರಾತ್ರಿ ನೆನೆಯುತ್ತಿದ್ದೆ. 212ರಲ್ಲಿ ಕ್ಯಾರಕಲ್ಲಾ ಸಾಮ್ರಾಜ್ಯದ ಸ್ವತಂತ್ರರಿಗೆಲ್ಲ ಪೌರತ್ವ ಹಂಚಿದ ಮೇಲೂ ಈ ದರ್ಜೆ ಅಳಿಯಲಿಲ್ಲ. 531ರಲ್ಲಿ ಜಸ್ಟಿನಿಯನ್ ಅದನ್ನು ತೆಗೆದುಹಾಕಿದ.

ಅಮೆರಿಕಕ್ಕೆ ಈ ಹೆಸರು ಅಂಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಚಿಲಿಯ ಫ್ರಾನ್ಸಿಸ್ಕೊ ಬಿಲ್ಬಾವೊ 1856ರಲ್ಲಿ ಪ್ಯಾರಿಸ್ಸಿನಲ್ಲಿ ಉತ್ತರದ ಅಮೆರಿಕನ್ನರ ದುರಾಸೆಗೆ ಎದುರಾಗಿ ಅದನ್ನು ಬಳಸಿದ. ಮೆಕ್ಸಿಕೊಕ್ಕೆ ಸೈನ್ಯ ಕಳಿಸಿದ ಮೂರನೆಯ ನೆಪೋಲಿಯನ್ನನ ಕಡೆಯವರಿಗೂ ಅದು ಅನುಕೂಲವಾಯಿತು. ಕೆಚುವಾ, ಅಯ್ಮಾರಾ ಆಡುವ ಆಂಡಿಸ್‌ನ ಜನರನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುದಿನ ಇಟಲಿಯ ಪಟ ತೆಗೆದುಕೊಂಡು ಹೋಗಿ ಆ ಹುಡುಗಿಯನ್ನೇ ಕರೆದು ರೋಮ್ ತೋರಿಸಲು ಹೇಳಿದೆ. ಅವಳು ಬೆರಳಿಟ್ಟಳು. "ಅದರ ಸುತ್ತಲಿನ ಬಯಲೇ ನೀನು ನಿನ್ನೆ ಕೇಳಿದ ದೇಶ" ಎಂದೆ. "ಇಷ್ಟೇನಾ ಟೀಚರ್?" ಎಂದಳು.