ಪೋಲ್‌ಟೌನ್: ಕಾರ್ಖಾನೆಗಾಗಿ ತೆರವಾದ ಒಂದು ಧರ್ಮಕೇಂದ್ರ

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದೆ. ಈ ದೇವಾಲಯವನ್ನು ಕಟ್ಟಿದವರ ಚರಿತ್ರೆಯನ್ನು ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರು ಬರೆದಿದ್ದಾರೆ. ಅದನ್ನೇ ಪುನರುಚ್ಚರಿಸುವ ಬದಲು, ನೂರು ವರ್ಷ ತುಂಬುವ ಭಾಗ್ಯವನ್ನು ಪಡೆಯದೆ ಹೋದ ದೂರದೇಶದ ಒಂದು ದೇವಾಲಯದ ಇತಿಹಾಸವನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದೆವು. ಹಬ್ಬದ ದಿನ ಇಂತಹ ಶೋಕದ ಕಥೆ ಏತಕ್ಕೆ ಎಂದು ಕೆಲವರು ಕೇಳಬಹುದು. ಉಳಿದುದರ ಬೆಲೆ ಅಳಿದುದನ್ನು ಕಂಡಾಗ ತಿಳಿಯುತ್ತದೆ ಎಂಬುದೇ ನಮ್ಮ ಉತ್ತರ. ಆ ದೇವಾಲಯವು ಭೂಕಂಪದಿಂದಾಗಲಿ ಯುದ್ಧದಿಂದಾಗಲಿ ಬೀಳಲಿಲ್ಲ. ಒಂದು ನಗರದ ಯೋಜನಾ ನಕ್ಷೆಯ ಮೇಲೆ ಎಳೆದ ಗೆರೆಯಿಂದ ಬಿದ್ದಿತು. ಆದುದರಿಂದ ಅದರ ಚರಿತ್ರೆ ನಮಗೂ ಪಾಠವಾಗಬಲ್ಲುದು.

ವಲಸಿಗರು ಕಟ್ಟಿದ ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ಎಂಬ ಮಹಾನಗರವಿದೆ. ಮೋಟಾರು ವಾಹನಗಳ ತಯಾರಿಕೆಗೆ ಅದು ಜಗದ್ವಿಖ್ಯಾತವಾದುದು. ಅದರ ಮಡಿಲಲ್ಲಿಯೇ ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ಪ್ರತ್ಯೇಕ ನಗರವೊಂದಿದೆ. 1910ರ ಸುಮಾರಿಗೆ ಡಾಜ್ ಸಹೋದರರು ಅಲ್ಲಿ ದೊಡ್ಡ ಕಾರ್ಖಾನೆಯನ್ನು ಸ್ಥಾಪಿಸಿದರು. ಪೋಲೆಂಡಿನಿಂದ ವಲಸೆ ಬಂದ ಕಥೋಲಿಕ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಆ ಸುತ್ತಿನಲ್ಲಿ ನೆಲೆಸಿದರು. ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಬಂದ ಆ ಜನರು ತಮ್ಮ ಅಲ್ಪ ಸಂಬಳದಲ್ಲಿ ಉಳಿಸಿದ ಹಣದಿಂದ ಮರದ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿಕೊಂಡರು. ಜೊತೆಗೆ ದೇವಾಲಯಗಳನ್ನೂ ಶಾಲೆಗಳನ್ನೂ ಎಬ್ಬಿಸಿದರು. ಆ ಜನರಿಂದಾಗಿಯೇ ಆ ಪ್ರದೇಶಕ್ಕೆ ಪೋಲ್‌ಟೌನ್ ಎಂಬ ಹೆಸರು ಬಂದಿತು. ಅವರ ದೇವಾಲಯಗಳಲ್ಲಿ ಅಮಲೋದ್ಭವ ಮಾತೆಗೆ ಸಮರ್ಪಿತವಾದುದೂ ಒಂದಾಗಿತ್ತು.

ಕಾಲಕ್ರಮದಲ್ಲಿ ಅನೇಕ ಪೋಲಿಷ್ ಕುಟುಂಬಗಳ ಮಕ್ಕಳು ಹೊರವಲಯಗಳಿಗೆ ತೆರಳಿದರು. ವೃದ್ಧರಾದ ತಂದೆತಾಯಿಗಳು ಹಳೆಯ ಮನೆಗಳಲ್ಲಿಯೇ ಉಳಿದರು. ಖಾಲಿಯಾದ ಮನೆಗಳಿಗೆ ಕರಿಯ ಜನಾಂಗದ ಕುಟುಂಬಗಳು ಬಂದವು. 1980ರ ಹೊತ್ತಿಗೆ ಆ ನೆರೆಹೊರೆಯಲ್ಲಿ ಸುಮಾರು ಅರ್ಧದಷ್ಟು ಜನ ಅವರೇ ಆಗಿದ್ದರು. ವರ್ಣದ್ವೇಷದಿಂದ ಬೆಂದಿದ್ದ ಡೆಟ್ರಾಯಿಟಿನಲ್ಲಿ ಎರಡು ಜನಾಂಗಗಳು ಒಂದೇ ಬೀದಿಯಲ್ಲಿ ಬಾಳುತ್ತಿದ್ದ ಸ್ಥಳಗಳಲ್ಲಿ ಇದೂ ಒಂದೆಂಬುದನ್ನು ನಾವು ಮರೆಯಬಾರದು.

ನಗರದ ಸಂಕಷ್ಟ

ಈ ಕಥೆಯಲ್ಲಿ ಒಂದು ಪಕ್ಷವೆಲ್ಲ ದುಷ್ಟರು, ಇನ್ನೊಂದು ಪಕ್ಷವೆಲ್ಲ ಸಜ್ಜನರು ಎಂದು ಹೇಳಿದರೆ ಅದು ಇತಿಹಾಸವಾಗುವುದಿಲ್ಲ. ನಗರದ ಸ್ಥಿತಿ ನಿಜವಾಗಿಯೂ ಶೋಚನೀಯವಾಗಿತ್ತು. ಜನರಿಗೆ ಅನ್ನವಿತ್ತಿದ್ದ ಡಾಜ್ ಕಾರ್ಖಾನೆಯನ್ನು ಕ್ರೈಸ್ಲರ್ ಸಂಸ್ಥೆಯು 1980ರ ಜನವರಿಯಲ್ಲಿ ಮುಚ್ಚಿತು. ಡೆಟ್ರಾಯಿಟಿನಲ್ಲಿ ನಿರುದ್ಯೋಗವು ಶೇಕಡ 18ರಷ್ಟಿತ್ತು. ಕರಿಯರಲ್ಲಿ ಶೇಕಡ 30ರ ಸಮೀಪಕ್ಕೆ ಏರಿತ್ತು. ಅದೇ ವರ್ಷ ಜನರಲ್ ಮೋಟಾರ್ಸ್ ಸಂಸ್ಥೆಯು ನಗರದಲ್ಲಿದ್ದ ತನ್ನ ಹಳೆಯ ಕಾರ್ಖಾನೆಗಳನ್ನು ಮುಚ್ಚುವುದಾಗಿಯೂ, ಸುಮಾರು 500 ಎಕರೆ ಭೂಮಿಯನ್ನು ತೆರವು ಮಾಡಿ ಗೊತ್ತಾದ ದಿನಾಂಕದೊಳಗೆ ಒಪ್ಪಿಸಿದರೆ ಹೊಸ ಕಾರ್ಖಾನೆಯನ್ನು ಅಲ್ಲಿಯೇ ಕಟ್ಟುವುದಾಗಿಯೂ ತಿಳಿಸಿತು. ಸುಮಾರು 6,000 ಉದ್ಯೋಗಗಳ ಆಸೆ ತೋರಿಸಲಾಯಿತು.

ಮೇಯರ್ ಕೋಲ್ಮನ್ ಯಂಗ್ ಅವರು ಆ ನಗರದ ಪ್ರಥಮ ಕರಿಯ ಮೇಯರ್. ಕಾರ್ಮಿಕ ಚಳವಳಿಯಿಂದ ಬಂದವರು. ಕೈಗೆ ಬಂದ ಅವಕಾಶವನ್ನು ಬಿಡಲು ಅವರು ಸಿದ್ಧರಿರಲಿಲ್ಲ. ಮುಚ್ಚಿದ ಡಾಜ್ ಕಾರ್ಖಾನೆಯ ನೆಲವನ್ನೂ ಅದಕ್ಕೆ ಹೊಂದಿಕೊಂಡ ವಸತಿ ಪ್ರದೇಶವನ್ನೂ ಸೇರಿಸಿ 465 ಎಕರೆಗಳ ಕೈಗಾರಿಕಾ ವಲಯದ ನಕ್ಷೆ ಸಿದ್ಧವಾಯಿತು. ಆ ಗೆರೆಯೊಳಗೆ ಸುಮಾರು 4,200 ಜನ, ಸಾವಿರಕ್ಕೂ ಮೀರಿದ ಮನೆಗಳು, ನೂರಕ್ಕೂ ಹೆಚ್ಚು ಅಂಗಡಿ ಮತ್ತು ವ್ಯಾಪಾರ ಸಂಸ್ಥೆಗಳು, ಹಲವು ದೇವಾಲಯಗಳು, ಶಾಲೆಗಳು ಹಾಗೂ ಒಂದು ಆಸ್ಪತ್ರೆ ಇದ್ದವು.

ಕಾಗದದ ಮೇಲೆ ನಡೆದ ನಿರ್ಣಯ

ಇಲ್ಲಿ ವಾಚಕರು ಕಾಲಗಣನೆಯನ್ನು ಸೂಕ್ಷ್ಮವಾಗಿ ಗಮನಿಸಬೇಕೆಂದು ಕೋರುತ್ತೇವೆ. ಪರಿಹಾರಧನದ ಮೊತ್ತ ಇತ್ಯರ್ಥವಾಗುವ ಮೊದಲೇ ಭೂಮಿಯ ಒಡೆತನವು ಸರ್ಕಾರಕ್ಕೆ ಸೇರುವಂತೆ ಮಾಡುವ ಶಾಸನವೊಂದನ್ನು ಮಿಷಿಗನ್ ರಾಜ್ಯವು 1980ರಲ್ಲಿ ಅಂಗೀಕರಿಸಿತು. ಅದೇ ವರ್ಷ ಯೋಜನೆ ಬಹಿರಂಗವಾಯಿತು. ಶರತ್ಕಾಲದಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಅಕ್ಟೋಬರ್ 31ರಂದು ನಗರಸಭೆಯು ಯೋಜನೆಗೆ ಒಪ್ಪಿಗೆ ನೀಡಿತು. ಒಂದು ಶತಮಾನದಲ್ಲಿ ಬೆಳೆದ ನೆರೆಹೊರೆಯ ಭವಿಷ್ಯವು ಕೆಲವೇ ತಿಂಗಳುಗಳಲ್ಲಿ ನಿರ್ಧಾರವಾಯಿತು. ಜನರು ಸಭೆಗೆ ಬಂದರು, ಮಾತನಾಡಿದರು. ಆದರೆ ಅವರು ಮಾತನಾಡುವ ವೇಳೆಗೆ ಭೂಮಿಯನ್ನು ಒಪ್ಪಿಸಬೇಕಾದ ದಿನಾಂಕವು ಗೊತ್ತಾಗಿಹೋಗಿತ್ತು. ಕೇಳುವ ಮೊದಲೇ ನಿಶ್ಚಯಿಸಿದ ವಿಚಾರಣೆಯು ವಿಚಾರಣೆಯೆನಿಸುವುದಿಲ್ಲ.

ಅನೇಕರು ಪರಿಹಾರವನ್ನು ಸ್ವೀಕರಿಸಿ ಹೊರಟುಹೋದರೆಂಬುದೂ ನಿಜವೇ. ಉಳಿದವರು ಪೋಲ್‌ಟೌನ್ ನೆರೆಹೊರೆ ಮಂಡಳಿಯನ್ನು ಕಟ್ಟಿಕೊಂಡು ನ್ಯಾಯಾಲಯದ ಮೊರೆಹೊಕ್ಕರು. ಬಳಕೆದಾರರ ಹಿತಕ್ಕಾಗಿ ಹೋರಾಡಿ ಪ್ರಸಿದ್ಧರಾದ ರಾಲ್ಫ್ ನೇಡರ್ ಅವರು ತಮ್ಮ ಸಹಾಯಕರನ್ನು ಕಳುಹಿಸಿಕೊಟ್ಟರು. ಮೋಟಾರು ಕಾರ್ಮಿಕರ ಸಂಘವಾದರೋ ಉದ್ಯೋಗದ ಆಸೆಯಿಂದ ಯೋಜನೆಯ ಪರವಾಗಿ ನಿಂತಿತು. ಸಾರ್ವಜನಿಕ ಉಪಯೋಗಕ್ಕಾಗಿ ಮಾತ್ರ ಖಾಸಗಿ ಭೂಮಿಯನ್ನು ವಶಪಡಿಸಿಕೊಳ್ಳಬಹುದೆಂದು ರಾಜ್ಯದ ಸಂವಿಧಾನವು ಹೇಳುತ್ತಿರುವಾಗ, ಒಬ್ಬರ ಮನೆಯನ್ನು ಕಸಿದು ಇನ್ನೊಂದು ಖಾಸಗಿ ಸಂಸ್ಥೆಗೆ ಕೊಡುವುದು ಹೇಗೆ ನ್ಯಾಯವಾದೀತು ಎಂಬುದೇ ನಿವಾಸಿಗಳ ಪ್ರಶ್ನೆಯಾಗಿತ್ತು. ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1981ರ ಮಾರ್ಚ್ 13ರಂದು ತೀರ್ಪಿತ್ತಿತು. ಉದ್ಯೋಗ ಸೃಷ್ಟಿಯೂ ಸಾರ್ವಜನಿಕ ಉದ್ದೇಶವೇ ಆದುದರಿಂದ ಸ್ವಾಧೀನವು ಊರ್ಜಿತವೆಂದು ಐವರು ನ್ಯಾಯಮೂರ್ತಿಗಳು ಹೇಳಿದರು. ಇಬ್ಬರು ಭಿನ್ನಮತ ವ್ಯಕ್ತಪಡಿಸಿದರು. ನಗರದ ಯೋಜನೆಗೆ 20 ಕೋಟಿ ಡಾಲರುಗಳಿಗೂ ಮೀರಿದ ಸಾರ್ವಜನಿಕ ಹಣ ವ್ಯಯವಾಗಲಿದ್ದರೆ, ತೆರವಾದ ನೆಲಕ್ಕೆ ಸಂಸ್ಥೆಯು ಕೊಡಬೇಕಾಗಿದ್ದುದು ಸುಮಾರು 80 ಲಕ್ಷ ಡಾಲರು ಮಾತ್ರ ಎಂಬುದನ್ನು ಭಿನ್ನಮತದ ನ್ಯಾಯಮೂರ್ತಿ ಜೇಮ್ಸ್ ರಯಾನ್ ಅವರು ಎತ್ತಿ ತೋರಿಸಿದರು.

ದೇವಾಲಯದ ನೆಲಮಾಳಿಗೆಯಲ್ಲಿ

ಈಗ ನಮ್ಮ ಲೇಖನಿಗೆ ಅತ್ಯಂತ ಕಷ್ಟವಾದ ಭಾಗಕ್ಕೆ ಬರುತ್ತೇವೆ. ಆ ಸಮಯದಲ್ಲಿ ಧರ್ಮಸಭೆಯು ಏನು ಮಾಡಿತು?

ಕಾರ್ಡಿನಲ್ ಜಾನ್ ಡಿಯರ್ಡನ್ ಅವರು ಡೆಟ್ರಾಯಿಟಿನ ಮಹಾಧರ್ಮಾಧ್ಯಕ್ಷರಾಗಿ 1980ರವರೆಗೆ ಸೇವೆ ಸಲ್ಲಿಸಿದ ಪೂಜ್ಯರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆಶಯಗಳನ್ನು ಮನಃಪೂರ್ವಕವಾಗಿ ಕಾರ್ಯಗತಗೊಳಿಸಿದವರು. 1976ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಅಭಿಪ್ರಾಯಗಳನ್ನು ಆಲಿಸಲೆಂದು ಇಡೀ ರಾಷ್ಟ್ರದ ಸಮಾವೇಶವನ್ನು ಅದೇ ನಗರದಲ್ಲಿ ನಡೆಸಿದವರು. ಅಂತಹವರೂ ನಗರದ ಬಡವರಿಗೆ ಉದ್ಯೋಗ ದೊರೆಯಲೆಂಬ ಸದುದ್ದೇಶದಿಂದ ಯೋಜನೆಯನ್ನು ಬೆಂಬಲಿಸಿದರು. ಮಹಾಧರ್ಮಪ್ರಾಂತ್ಯವು ಅಮಲೋದ್ಭವ ಮಾತೆಯ ದೇವಾಲಯವನ್ನೂ ಆ ಪ್ರದೇಶದಲ್ಲಿದ್ದ ಸಂತ ಯೊವಾನ್ನರ ದೇವಾಲಯವನ್ನೂ ನಗರಕ್ಕೆ ಮಾರಾಟ ಮಾಡಿತು.

ಅಮಲೋದ್ಭವ ಮಾತೆಯ ಧರ್ಮಕೇಂದ್ರದ ಗುರುಗಳಾಗಿದ್ದ ಫಾದರ್ ಜೋಸೆಫ್ ಕರಾಶೇವಿಚ್ ಅವರು ಇದನ್ನು ಒಪ್ಪಲಿಲ್ಲ. ಅವರು ಕ್ರಾಂತಿಕಾರಿಯಾಗಿರಲಿಲ್ಲ, ತಮ್ಮ ಜನರಿಗೆ ಬಲಿಪೂಜೆ ಅರ್ಪಿಸುತ್ತಾ, ರೋಗಿಗಳನ್ನು ಸಂದರ್ಶಿಸುತ್ತಾ ಇದ್ದ ಸಾಮಾನ್ಯ ಗುರುಗಳು. ತಮ್ಮ ಮೇಲಧಿಕಾರಿಗಳ ನಿರ್ಣಯವು ತಪ್ಪೆಂದು ಅವರು ಬಹಿರಂಗವಾಗಿ ಹೇಳಿದರು. ಆದರೂ ಗುರುತ್ವವನ್ನಾಗಲಿ ಧರ್ಮಸಭೆಯನ್ನಾಗಲಿ ಬಿಟ್ಟು ಹೋಗಲಿಲ್ಲ. ವಿಧೇಯತೆಯ ವ್ರತವನ್ನು ಕೈಗೊಂಡ ಗುರುವಿಗೆ ಅದೆಂತಹ ಅಗ್ನಿಪರೀಕ್ಷೆ ಎಂಬುದನ್ನು, ಅನೇಕ ವರ್ಷಗಳಿಂದ ಇದೇ ದೀಕ್ಷೆಯಲ್ಲಿರುವ ನಾವು ಬಲ್ಲೆವು.

ಆ ಕೇಂದ್ರವನ್ನು ಮುಚ್ಚಿದ ಮೇಲೆ ವಿಶ್ವಾಸಿಗಳು ದೇವಾಲಯದ ನೆಲಮಾಳಿಗೆಯಲ್ಲಿ ಕುಳಿತರು. ಅವರಲ್ಲಿ ಹೆಚ್ಚಿನವರು ವೃದ್ಧೆಯರು. ಸುತ್ತಲೂ ಮನೆಗಳು ಒಂದೊಂದಾಗಿ ಉರುಳುತ್ತಿದ್ದರೂ ಅವರು ಅಲ್ಲಿಂದ ಕದಲಲಿಲ್ಲ. ಹೀಗೆ 29 ದಿನಗಳು ಕಳೆದವು. 1981ರ ಜುಲೈ 14ರ ಮುಂಜಾನೆ ಪೊಲೀಸರು ಒಳನುಗ್ಗಿ ಹನ್ನೆರಡು ಮಂದಿಯನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ದೇವಾಲಯವು ನೆಲಸಮವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫಾದರ್ ಕರಾಶೇವಿಚ್ ಅವರು ಹೃದಯಾಘಾತದಿಂದ ದೈವಾಧೀನರಾದರು. ಅವರಿಗಾಗ ಅರುವತ್ತು ವರ್ಷವೂ ತುಂಬಿರಲಿಲ್ಲ.

ಕಾಲವು ನೀಡಿದ ತೀರ್ಪು

ಹೊಸ ಕಾರ್ಖಾನೆಯು 1985ರಲ್ಲಿ ಆರಂಭವಾಯಿತು. ಅನೇಕ ಸಾವಿರ ಕುಟುಂಬಗಳು ವರ್ಷಗಳ ಕಾಲ ಅದರಿಂದ ಅನ್ನ ಕಂಡವು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆಸೆ ತೋರಿಸಿದ್ದಷ್ಟು ಉದ್ಯೋಗಗಳು ದೊರೆಯಲಿಲ್ಲ. 2018ರಲ್ಲಿ ಅದನ್ನೂ ನಿಲ್ಲಿಸುವ ಮಾತು ಬಂದಿತ್ತು. ನಂತರ ವಿದ್ಯುಚ್ಚಾಲಿತ ವಾಹನಗಳ ತಯಾರಿಕೆಗೆ ಅದನ್ನು ಮಾರ್ಪಡಿಸಲಾಯಿತು. ಕಾರ್ಖಾನೆಯ ಆವರಣದೊಳಗೆ ಬೆತ್ ಓಲೆಮ್ ಎಂಬ ಯೆಹೂದ್ಯರ ಹಳೆಯ ಸ್ಮಶಾನವು ಇಂದಿಗೂ ಉಳಿದಿದೆ. ಪಾಸ್ಕ ಹಬ್ಬಕ್ಕೂ ಯೆಹೂದ್ಯರ ಹೊಸ ವರ್ಷಕ್ಕೂ ಮುನ್ನ, ವರ್ಷಕ್ಕೆ ಎರಡು ಬಾರಿ ಬಂಧುಗಳನ್ನು ಒಳಗೆ ಬಿಡುತ್ತಾರೆ. ಮೃತರ ನೆಲಕ್ಕೆ ಸಂದ ಗೌರವವು ಜೀವಂತರ ಮನೆಗಳಿಗೆ ಸಲ್ಲಲಿಲ್ಲ.

ನ್ಯಾಯವು ತಡವಾಗಿಯಾದರೂ ಬಂದಿತು. ಅದೇ ಪ್ರಾಂತ್ಯದ ವೇಯ್ನ್ ಕೌಂಟಿಯು ವಿಮಾನ ನಿಲ್ದಾಣದ ಬಳಿ ಉದ್ಯಮ ವಲಯಕ್ಕಾಗಿ ಭೂಸ್ವಾಧೀನಕ್ಕೆ ತೊಡಗಿದಾಗ, 2004ರ ಜುಲೈ 30ರಂದು ಮಿಷಿಗನ್ನಿನ ಸರ್ವೋಚ್ಚ ನ್ಯಾಯಾಲಯವೇ ತನ್ನ 1981ರ ತೀರ್ಪನ್ನು ರದ್ದುಪಡಿಸಿತು. 2006ರಲ್ಲಿ ಆ ರಾಜ್ಯದ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದು, ಆರ್ಥಿಕ ಅಭಿವೃದ್ಧಿಗಾಗಿ ಒಬ್ಬರ ಸ್ವತ್ತನ್ನು ಮತ್ತೊಬ್ಬರಿಗೆ ವಹಿಸಿಕೊಡುವುದನ್ನು ನಿಷೇಧಿಸಿದರು. ವಾಸದ ಮನೆಯನ್ನು ತೆಗೆದುಕೊಂಡರೆ ಮಾರುಕಟ್ಟೆ ಬೆಲೆಯ ಶೇಕಡ 125ಕ್ಕೆ ಕಡಿಮೆಯಿಲ್ಲದ ಪರಿಹಾರ ಕೊಡಬೇಕೆಂದೂ ವಿಧಿಸಿದರು. ಪೋಲ್‌ಟೌನಿನ ವೃದ್ಧರ ವಾದವೇ ಕೊನೆಗೆ ಗೆದ್ದಿತು. ಆದರೆ ಗೆಲುವು ಬಂದಾಗ ಮರಳಿ ಹೋಗಲು ಮನೆಯೂ ಇರಲಿಲ್ಲ, ದೇವಾಲಯವೂ ಇರಲಿಲ್ಲ.

ಸಾಮಾನ್ಯ ಹಿತವೆಂದರೇನು?

ಧರ್ಮಸಭೆಯು ಖಾಸಗಿ ಒಡೆತನವನ್ನು ಎಂದಿಗೂ ಮಿತಿಯಿಲ್ಲದ ಹಕ್ಕೆಂದು ಬೋಧಿಸಿಲ್ಲ. ಪೋಪ್ ಆರನೆಯ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ, ಸಾಮಾನ್ಯ ಹಿತಕ್ಕಾಗಿ ಕೆಲವೊಮ್ಮೆ ಭೂಮಿಯನ್ನು ವಶಪಡಿಸಿಕೊಳ್ಳಬೇಕಾಗಬಹುದು ಎಂದಿದ್ದಾರೆ. ಆದರೆ ಅವರು ಹೇಳಿದುದು ಅತಿ ವಿಶಾಲವಾಗಿದ್ದು ಸಾಗುವಳಿಯಿಲ್ಲದೆ ಬಿದ್ದಿರುವ, ಜನರಿಗೆ ಕಷ್ಟವನ್ನೊಡ್ಡುವ ಜಮೀನುಗಳ ವಿಷಯವನ್ನು. ವಿಧವೆಯ ಪುಟ್ಟ ಮನೆಯ ವಿಷಯವನ್ನಲ್ಲ. ಅಮಲೋದ್ಭವ ಮಾತೆಯ ದೇವಾಲಯವು ಬಿದ್ದ ಎರಡು ತಿಂಗಳಿಗೆ, 1981ರ ಸೆಪ್ಟೆಂಬರ್ 14ರಂದು, ಪೋಪ್ ಎರಡನೆಯ ಜಾನ್ ಪಾಲರು ದುಡಿಮೆಯ ಕುರಿತು ವಿಶ್ವಪತ್ರವನ್ನು ಹೊರಡಿಸಿದರು. ಪೋಲಿಷ್ ಜನಾಂಗದವರೇ ಆದ ಅವರು, ಬಂಡವಾಳಕ್ಕಿಂತ ದುಡಿಯುವ ಮನುಷ್ಯನಿಗೇ ಪ್ರಥಮ ಸ್ಥಾನವೆಂದು ಅದರಲ್ಲಿ ಬೋಧಿಸಿದರು.

ಸಾಮಾನ್ಯ ಹಿತದ ಹೆಸರಿನಲ್ಲಿ ಕೆಲವರು ಕಳೆದುಕೊಳ್ಳಬೇಕಾಗಿ ಬಂದಾಗ, ಆ ಕೆಲವರನ್ನು ಮೊದಲು ಕೇಳಬೇಕು. ಸರ್ಕಾರವು ಕೇಳಬೇಕು, ಅದಕ್ಕಿಂತ ಮೊದಲು ಕುರುಬರಾದ ನಾವು ಕೇಳಬೇಕು. ಪೋಲ್‌ಟೌನಿನಲ್ಲಿ ಧರ್ಮಸಭೆ ಎಡವಿದುದು ಉದ್ಯೋಗವನ್ನು ಬಯಸಿದುದರಿಂದಲ್ಲ; ಆ ದೇವಾಲಯವನ್ನು ಕಟ್ಟಿದವರ ಮಕ್ಕಳ ಮಾತು ಕೊನೆಯವರೆಗೂ ನಿರ್ಣಯದ ಹೊರಗೆ ಉಳಿದುದರಿಂದ.

ನಮ್ಮ ನಾಡಿನಲ್ಲಿಯೂ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಪ್ರಕಾರ ಯಾವ ನೆಲ ವಸತಿಗೆ, ಯಾವ ನೆಲ ಕೈಗಾರಿಕೆಗೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಸಾರ್ವಜನಿಕರಿಂದ ಆಕ್ಷೇಪಣೆಗಳನ್ನೂ ಆಹ್ವಾನಿಸುತ್ತಾರೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದಲ್ಲಿಯೂ ನೋಟೀಸು ತಲುಪಿದ 30 ದಿನಗಳೊಳಗೆ ಭೂಮಾಲೀಕನು ತನ್ನ ಆಕ್ಷೇಪಣೆಯನ್ನು ಸಲ್ಲಿಸಲು ಅವಕಾಶವಿದೆ. ಇಂತಹ ಪ್ರಕಟಣೆಗಳನ್ನು ನಾವು ಓದುತ್ತೇವೆಯೇ? ನಮ್ಮ ಹೊಲಮನೆಗಳ, ನಮ್ಮ ನೆರೆಯ ಹಿಂದೂ ಮುಸ್ಲಿಂ ಬಾಂಧವರ ಹೊಲಮನೆಗಳ ಮೇಲೆ ಯಾವ ಬಣ್ಣ ಬಳಿದಿದ್ದಾರೆಂಬುದನ್ನು ವಿಚಾರಿಸಿದ್ದೇವೆಯೇ? ಕಾಗದದ ಮೇಲಿರುವಾಗ ಒಂದು ಅರ್ಜಿಯಿಂದ ತಿದ್ದಬಹುದಾದ ಗೆರೆಯನ್ನು, ಯಂತ್ರಗಳು ಬಂದು ನಿಂತ ಮೇಲೆ ನೂರು ಜನ ಕುಳಿತರೂ ಅಳಿಸಲಾಗದು. ಕಾರ್ಖಾನೆ ಬೇಕೆಂದು ಒಪ್ಪುವುದಾದರೂ, ಬೇಡವೆಂದು ವಿರೋಧಿಸುವುದಾದರೂ, ತಿಳಿದು ಮಾಡಬೇಕು, ಸಕಾಲದಲ್ಲಿ ಮಾಡಬೇಕು, ಊರೊಂದಾಗಿ ಮಾಡಬೇಕು.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ನೆಲದಲ್ಲಿ ಅಸ್ತಿವಾರದ ಕಲ್ಲನ್ನಿಟ್ಟರು. ಆ ಕಲ್ಲನ್ನು ಕಾಪಾಡುವ ಹೊಣೆ ಬಲಿಪೀಠದ ಮುಂದೆ ಮೊಣಕಾಲೂರುವುದರೊಂದಿಗೆ ಮುಗಿಯುವುದಿಲ್ಲ. ಪಂಚಾಯಿತಿಯ ಸೂಚನಾಫಲಕದ ಮುಂದೆ ನಿಂತು ಓದುವುದೂ ಅದರ ಭಾಗವೇ ಆಗಿದೆ. ಪೋಲ್‌ಟೌನಿನ ಆ ವೃದ್ಧ ಮಾತೆಯರನ್ನೂ ಅವರ ಗುರುಗಳನ್ನೂ ಈ ಶತಮಾನೋತ್ಸವದ ಬಲಿಪೂಜೆಯಲ್ಲಿ ಸ್ಮರಿಸೋಣ. ನಿರ್ಣಯಿಸುವವರಿಗೆ ಕೇಳುವ ಕಿವಿಯನ್ನೂ, ನಮಗೆ ಸಕಾಲದಲ್ಲಿ ನುಡಿಯುವ ಬಾಯಿಯನ್ನೂ ಕರುಣಾಮಯನಾದ ದೇವರು ದಯಪಾಲಿಸಲಿ.