ಸಾರಿಗೆ ಮತ್ತು ನಗರ ಯೋಜನೆಯ ಸ್ನಾತಕೋತ್ತರ ಅಧ್ಯಯನ

ಸಾರಿಗೆ ಮತ್ತು ನಗರ ಯೋಜನೆಯ ಸ್ನಾತಕೋತ್ತರ ಅಧ್ಯಯನವು ಸಾರಿಗೆ ನಿರ್ವಹಣೆ ಹಾಗೂ ಭೂಬಳಕೆ ಯೋಜನೆಯನ್ನು ಒಟ್ಟಾಗಿ ಬೋಧಿಸುವ ಅಂತರಶಿಸ್ತೀಯ ಶಿಕ್ಷಣವಾಗಿದೆ. ವಸತಿ, ಮಾರುಕಟ್ಟೆ, ಕಾರ್ಖಾನೆಗಳ ಸ್ಥಾನವು ಜನರ ಪ್ರಯಾಣವನ್ನು ನಿರ್ಧರಿಸುತ್ತದೆ. ರಸ್ತೆ ಮತ್ತು ರೈಲುಮಾರ್ಗಗಳು ನಗರದ ಬೆಳವಣಿಗೆಯ ದಿಕ್ಕನ್ನು ಬದಲಿಸುತ್ತವೆ. ಇವೆರಡನ್ನು ಬೇರೆಬೇರೆಯಾಗಿ ಯೋಜಿಸಿದಲ್ಲಿ ಬಸ್ ಸೌಲಭ್ಯವಿಲ್ಲದ ಕಡೆ ಬಡಾವಣೆಗಳು ಬೆಳೆದು, ಸ್ವಂತ ವಾಹನವಿಲ್ಲದವರಿಗೆ ಉದ್ಯೋಗ, ಶಾಲೆ, ಆಸ್ಪತ್ರೆಗಳು ದೂರವಾಗುತ್ತವೆ.

ಹಿನ್ನೆಲೆ

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಭೂಬಳಕೆ ಮತ್ತು ಸಾರಿಗೆಯ ಸಮನ್ವಯಕ್ಕೆ ಒತ್ತು ನೀಡಿತು. ಕರ್ನಾಟಕದಲ್ಲಿ 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸ್ಥಾಪನೆಯಾಯಿತು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಲಸೌಕರ್ಯ, ಸುಸ್ಥಿರ ಸಾರಿಗೆ ಮತ್ತು ನಗರ ಯೋಜನಾ ಕೇಂದ್ರ ಆರಂಭವಾಯಿತು.

ಅಧ್ಯಯನದ ವಿಷಯಗಳು

ಪ್ರಯಾಣದ ಬೇಡಿಕೆಯನ್ನು ಸಾಂಪ್ರದಾಯಿಕವಾಗಿ ನಾಲ್ಕು ಹಂತಗಳಲ್ಲಿ ಅಂದಾಜಿಸಲಾಗುತ್ತದೆ: ಪ್ರಯಾಣಗಳ ಉತ್ಪತ್ತಿ, ಅವುಗಳ ಹಂಚಿಕೆ, ಸಾರಿಗೆ ವಿಧಾನದ ಆಯ್ಕೆ ಮತ್ತು ಮಾರ್ಗ ನಿಗದಿ. ಭೂಬಳಕೆ ನಿಯಮಗಳು, ಸಾರಿಗೆ ಅರ್ಥಶಾಸ್ತ್ರ, ಪಾದಚಾರಿ ಸುರಕ್ಷತೆಯೂ ಪಠ್ಯದಲ್ಲಿ ಸೇರುತ್ತವೆ.

ಉತ್ತರ ಕರ್ನಾಟಕದಲ್ಲಿ

2018ರಲ್ಲಿ ಪ್ರಾಯೋಗಿಕ ಸಂಚಾರ ಆರಂಭಿಸಿದ, ಸುಮಾರು 22 ಕಿ.ಮೀ. ಉದ್ದದ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಈ ಕ್ಷೇತ್ರಕ್ಕೆ ಸಮೀಪದ ಉದಾಹರಣೆಯಾಗಿದೆ. ಇದು ಬಸ್ಸುಗಳಿಗೆ ಪ್ರತ್ಯೇಕ ಪಥವನ್ನು ಒದಗಿಸುತ್ತದೆ. ಆದರೆ ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಊರುಗಳಿಂದ ನಗರಕ್ಕೆ ಬರುವವರಿಗೆ ಇಂತಹ ವ್ಯವಸ್ಥೆಯ ಪ್ರಯೋಜನವು ಗ್ರಾಮೀಣ ಬಸ್ಸುಗಳ ವೇಳೆ ಮತ್ತು ನಿಲ್ದಾಣಗಳ ಜೋಡಣೆಯನ್ನು ಅವಲಂಬಿಸಿರುತ್ತದೆ.