ಸೊಸೈಟಿಗೆ ನಡೆದ ದಾರಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಉಂಟು. ನಾವು ಬರೆಯಹೊರಟದ್ದು ನಮ್ಮ ಹಿರಿಯರ ನಡಿಗೆಯ ಚರಿತ್ರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳ ನಡುವಿನ ಹಳ್ಳಿಗಳಲ್ಲಿ ನಡಿಗೆಗೆ ವ್ಯಾಯಾಮ ಎಂಬ ಹೆಸರು ಬಂದದ್ದು ಮೊನ್ನೆ ಮೊನ್ನೆ. ಹಿಂದೆ ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಗಳು ಬಂಟ್ವಾಳದವರೆಗೆ ಬರುತ್ತಿದ್ದವು. ನಮ್ಮ ಅಜ್ಜನ ಕಾಲದವರು ಅಡಿಕೆಯನ್ನು ತಲೆಹೊರೆಯಲ್ಲಿ ಅಲ್ಲಿಗೆ ಒಯ್ದು, ಉಪ್ಪು, ಒಣಮೀನು ಹೊತ್ತು ಬರುತ್ತಿದ್ದರು. 1604ರಲ್ಲಿ ನಿಂತ ವೇಣೂರಿನ ಗೊಮ್ಮಟನ ಮಹಾಮಸ್ತಕಾಭಿಷೇಕಕ್ಕೂ ಕಾಲೇ ಗಾಡಿ. 1974ರ ಭೂಮಸೂದೆಯ ನಂತರ ಡಿಕ್ಲರೇಶನ್, ಟ್ರಿಬ್ಯೂನಲ್ ಎಂದು ನಮ್ಮ ತಂದೆಯವರು ಎಷ್ಟು ಸಲ ನಡೆದರೋ ಅವರಿಗೇ ಲೆಕ್ಕ ಇಲ್ಲ. ಮನೆಯಲ್ಲಿದ್ದರೆ ಗುಡ್ಡೆಯಿಂದ ಸೊಪ್ಪು ತರಬೇಕು, ಏತ ಎಳೆಯಬೇಕು, ಅಂಗಳದ ಅಡಿಕೆ ಹರಗಬೇಕು.

ಆ ಕಾಲ ಚಿನ್ನ ಎಂದು ನಾವು ಹೇಳುವುದಿಲ್ಲ. ಹೊರೆ ಹೊತ್ತು ಅಜ್ಜನ ಬೆನ್ನು ಬಾಗಿತ್ತು. ಅಜ್ಜಿ ಕುಳಿತು ಉಂಡದ್ದನ್ನು ನಾವು ಕಂಡದ್ದು ಕಡಿಮೆ. ಪಂಪು ಬಂತು, ಸ್ಪ್ರಿಂಕ್ಲರ್ ಬಂತು, ಒಳ್ಳೆಯದೇ ಆಯಿತು.

ಉಳಿದದ್ದು ಹಾಲಿನ ನಡಿಗೆ ಒಂದೇ. ಸಂಘ ಶುರುವಾದಾಗಿನಿಂದ ತಂದೆಯವರು ಮುಟ್ಟಾಳೆ ಇಟ್ಟುಕೊಂಡು, ಕ್ಯಾನ್ ಹಿಡಿದು, ತೋಡಿನ ಸಂಕ ದಾಟಿ ಎರಡು ಹೊತ್ತೂ ಬರುತ್ತಿದ್ದರು. ಹೋಗಲು ಹತ್ತು ನಿಮಿಷ, ಬರಲು ಹತ್ತು. ಜಗಲಿಯಲ್ಲಿ ಪಟ್ಟಾಂಗ ಬೇರೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಮನೆ ಬಾಗಿಲಿನಿಂದ ಹಾಲು ಎತ್ತಲು ರಿಕ್ಷಾ ಇಡುವ ಎಂದು ಆಡಳಿತ ಮಂಡಳಿಯಲ್ಲಿ ಸೂಚಿಸಿದವರು ನಾವೇ. ಪ್ರಾಯದವರಿಗೆ ಉಪಕಾರ ಆಗ್ತದೆ ಎಂದುಕೊಂಡೆವು. ಠರಾವು ಸರ್ವಾನುಮತದಿಂದ ಪಾಸಾಯಿತು. ತಂದೆಯವರು ಜಗಲಿಯ ಕುರ್ಚಿ ಹಿಡಿದರು. ಎರಡು ಮಳೆಗಾಲ ಕಳೆಯುವಾಗ ಮಣೆಯಿಂದ ಏಳಲು ನಮ್ಮ ಕೈ ಬೇಕಾಯಿತು. ಹಟ್ಟಿಯ ಮೆಟ್ಟಿಲಲ್ಲೇ ಒಮ್ಮೆ ಬಿದ್ದರು. ಸಂಕದಲ್ಲಿ ಎಂದೂ ಬೀಳದವರು ಮಾರಾಯ್ರೆ!

ಡಾಕ್ಟರರು, "ಮೊದಲು ಎಂತ ಮಾಡ್ತಿದ್ರಿ?" ಎಂದು ಕೇಳಿದರು. ಹೇಳಿದೆವು. "ಅದನ್ನು ಯಾಕೆ ನಿಲ್ಲಿಸಿದ್ರಿ?" ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಓದಿ ತಿಳಿದದ್ದು: ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕುಳಿತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲೇ ಜೆರಿ ಮಾರಿಸ್ ಎಂಬ ವೈದ್ಯರು ಪ್ರಕಟಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಮೈ ಆಡಬೇಕು, ಮನೆಗೆಲಸವೂ ತುಂಡು ತುಂಡು ನಡಿಗೆಯೂ ಅದರಲ್ಲಿ ಸೇರುತ್ತದೆ ಎಂದಿತು. ಬೀಳದಂತೆ ಸಮತೋಲದ ಅಭ್ಯಾಸವೂ ಬೇಕಂತೆ. ಹಾಲಿನ ನಡಿಗೆ ದಿನಕ್ಕೆ 40 ನಿಮಿಷ, ವಾರಕ್ಕೆ 280. ಸಮತೋಲಕ್ಕೆ ಸಂಕ ಇತ್ತು.

ರಿಕ್ಷಾ ನಿಲ್ಲಿಸಲು ಆಗುವುದಿಲ್ಲ. ಹಾಸಿಗೆ ಹಿಡಿದವರ ಮನೆಯ ಹಾಲೂ ಬರಬೇಕಲ್ಲ. ಆದರೆ ನಡೆಯಬಲ್ಲ ಹಿರಿಯರ ಕೈಯಿಂದ ಕ್ಯಾನ್ ಕಿತ್ತುಕೊಳ್ಳಬೇಡಿ ಎಂದು ಮಕ್ಕಳಲ್ಲಿ, ಸೊಸೆಯಂದಿರಲ್ಲಿ ನಮ್ಮ ವಿನಂತಿ. ಸಂಕಕ್ಕೆ ಈಗ ಕೈತಾಂಗು ಕಟ್ಟಿಸಿದ್ದೇವೆ.

ನಮ್ಮ ಮನೆಯ ಹಾಲು ಈಗಲೂ ರಿಕ್ಷಾದಲ್ಲೇ ಹೋಗುತ್ತದೆ. ಒಂದು ಲೀಟರಿನ ಸಣ್ಣ ಕ್ಯಾನ್ ಮಾತ್ರ ಬೆಳಿಗ್ಗೆ ತಂದೆಯವರ ಕೈಯಲ್ಲಿ ಬರುತ್ತದೆ, ಮೊದಲಿಗಿಂತ ನಿಧಾನವಾಗಿ. ಒಂದೇ ಮನೆಗೆ ಎರಡು ಸಲ ಟೆಸ್ಟ್ ಮಾಡಿ ಎರಡು ಸಾಲು ಬರೆಯಬೇಕು ಎಂದು ಕಾರ್ಯದರ್ಶಿಗಳು ಗೊಣಗುತ್ತಾರೆ. ಗೊಣಗಲಿ.